ಅಣ್ಣ ಒಪ್ಪಿಕೊಂಡ ಗ್ರಾಫಿಕ್ಸ್ ಕಾರ್ಡ್

ಅತ್ತಿಗೆ,

ನೀವು ಔಷಧಿ ಅಂಗಡಿಯಿಂದ ಬರುವಷ್ಟರಲ್ಲಿ ನನಗೆ ಬಸ್ಸು ತಪ್ಪುತ್ತದೆ, ಹೊರಟೆ. ಅನ್ನ ಆಗಿದೆ. ಹನ್ನೊಂದಕ್ಕೆ ಅಣ್ಣನ ಕಣ್ಣಿಗೆ ಹನಿ ಹಾಕಿ.

ನನ್ನ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಬಂತು. ಅಣ್ಣ ಹತ್ತು ವರ್ಷ ಬಾಯಿಗೆ ಬಂದಂತೆ ಬೈದ ಕಂಪನಿಯದ್ದನ್ನೇ ಬೇಕೆಂದು ತರಿಸಿದ್ದೆ. ನಾನು ಅದನ್ನು ಹೊಗಳಿದರೆ ಸಾಕು, ತನ್ನ ಕಂಪ್ಯೂಟರ್ ರಿಪೇರಿ ಅಂಗಡಿಯಿಂದ ಬಂದವನು ಕೈಕಾಲು ತೊಳೆಯದೆ ಜಗಳಕ್ಕೆ ನಿಲ್ಲುತ್ತಿದ್ದನಲ್ಲ, "ಕೆಂಡದ ಥರ ಬಿಸಿ ಆಗತ್ತೆ ಕಣೇ, ದಿನವೆಲ್ಲ ಚಿತ್ರ ಬಿಡಿಸೋಳಿಗೆ ಅಷ್ಟೂ ಗೊತ್ತಾಗಲ್ವಾ?" ಅಂತ.

ಬೆಳಿಗ್ಗೆ ಅದನ್ನು ಅವನ ತೊಡೆಯ ಮೇಲಿಟ್ಟು ಕಂಪನಿಯ ಹೆಸರು ಹೇಳಿದೆ. ಬೆರಳಿನಿಂದ ತಡವಿ ಕಾರ್ಡಿನ ಮೇಲಿನ ಪುಟ್ಟ ಫ್ಯಾನುಗಳನ್ನು ಎಣಿಸಿದ. "ಇರ್ಲಿ ಬಿಡು, ಅದೂ ಒಳ್ಳೇದೇ. ಕಾಣದೋನಿಗೆ ಯಾವುದಾದ್ರೇನು?" ಅಂದ.

ಅವನ ದೃಷ್ಟಿ ಪೂರ್ತಿ ಹೋಯಿತೆಂದು ಡಾಕ್ಟರು ಹೇಳಿದ ದಿನವೂ ನಾನು ಇಷ್ಟು ಅತ್ತಿರಲಿಲ್ಲ ಅತ್ತಿಗೆ. ವಾದ ಗೆದ್ದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಕಾರ್ಡನ್ನು ಅವನೇ ಕೂರಿಸಲಿ. ಪ್ಲಗ್ ಕಿತ್ತಿಟ್ಟಿದ್ದೇನೆ. ಸ್ಕ್ರೂಡ್ರೈವರ್ ಕೈಗೆ ಕೊಟ್ಟು ನೀವು ಈಚೆ ಬಂದುಬಿಡಿ. ಸ್ಕ್ರೂ ಕೆಳಗೆ ಬಿದ್ದರೂ ಅವನು ಕರೆಯುವವರೆಗೆ ಹೋಗಬೇಡಿ. ಅಯ್ಯೋ ಪಾಪ ಅನ್ನುವುದಂತೂ ಬೇಡವೇ ಬೇಡ, ನಿಮ್ಮ ಕಾಲಿಗೆ ಬೀಳುತ್ತೇನೆ.

ಊಟಕ್ಕೆ ಕೂತಾಗ ಸುಮ್ಮನೆ ಕೇಳಿ: "ಆ ಕಂಪನಿ ನಿಜವಾಗ್ಲೂ ಅಷ್ಟು ಒಳ್ಳೇದಾ?"

ರೇಗಿದರೆ ತಕ್ಷಣ ನನಗೆ ಫೋನ್ ಮಾಡಿ, ಕೆಲಸದಲ್ಲಿದ್ದರೂ ಎತ್ತುತ್ತೇನೆ. ರೇಗದಿದ್ದರೆ ಮಾಡಬೇಡಿ. ಮನೆಗೆ ಬಂದ ಮೇಲೆ ತಿಳಿದುಕೊಳ್ಳುತ್ತೇನೆ.

ನಿಮ್ಮ ನಾದಿನಿ