ಕೆಡದ ಪಂಪಿಗೆ ಬಂದ ಕರೆ

ಮಾರ್ಚ್ 3, ಸೋಮವಾರ
ಮೂರನೇ ಪಂಪು ಬೆಳಿಗ್ಗೆಯಿಂದ ಮತ್ತೆ ನೀರೆತ್ತುತ್ತಿದೆ. ತಿಳಿಸಿದ್ದು ನೀರಿನ ಸಂಘದ ಅಧ್ಯಕ್ಷೆ, ನಿವೃತ್ತ ನರ್ಸ್. ವಾಷರ್ ಸವೆದಿತ್ತಂತೆ, ತಾವೇ ಬದಲಿಸಿದರಂತೆ. ನನ್ನನ್ನು ಕರೆಯಲಿಲ್ಲ. ಕರೆಯದೆ ನಡೆಸುವುದನ್ನೇ ನಾನು ಅವರಿಗೆ ಎರಡು ವರ್ಷ ಕಲಿಸಿದ್ದು. ಆಫೀಸಿನ ಫೋನ್ ಇಡೀ ದಿನ ಸುಮ್ಮನಿತ್ತು. ಎತ್ತಿ ನೋಡಿದೆ — ಸರಿಯಾಗಿಯೇ ಇದೆ.

ಮಾರ್ಚ್ 5
ಹೆಡ್ ಆಫೀಸಿನಿಂದ ಮೇಲ್. ವಿದೇಶಿ ನೆರವನ್ನು ನಮ್ಮ ಸಂಸ್ಥೆಯ ಮೂಲಕ ಕೊಡುವ ಬದಲು ನೇರವಾಗಿ ಸಂಘಕ್ಕೇ ಕೊಡಬಹುದೇ ಎಂದು ನೋಡಲು ಅಲ್ಲಿನ ಮೇಡಂ ಬರುತ್ತಾರೆ. ಕೊಟ್ಟರೆ ಈ ಆಫೀಸ್ ಮುಚ್ಚುತ್ತದೆ. ಇಲ್ಲವಾದರೆ ನನಗೆ ಇಲ್ಲೇ ಇನ್ನೆರಡು ವರ್ಷ ಕೆಲಸ.
ಅಕ್ಕನಿಗೆ ಹೇಳಿದೆ. "ಅವ್ರು ಗೆದ್ರೆ ನಿನ್ನ ಕೆಲಸ ಹೋಗುತ್ತೆ, ಸೋತ್ರೆ ಉಳಿಯುತ್ತೆ. ಇದೆಂಥ ನೌಕರಿನೋ ಮಾರಾಯ!" ಇಬ್ಬರೂ ನಕ್ಕೆವು. ಫೋನ್ ಇಟ್ಟ ಮೇಲೆ ನಗು ಬರಲಿಲ್ಲ.

ಮಾರ್ಚ್ 11, ಸಂಜೆ
ಮೇಡಂ ಬಂದರು. ಟ್ಯಾಂಕು, ಮೀಟರು, ಬ್ಲೀಚಿಂಗ್ ಪೌಡರ್ ಹಾಕುವ ಪಾಳಿ... ಎಲ್ಲ ಸರಿ. ಮಧ್ಯಾಹ್ನ ಆಫೀಸಿನಲ್ಲಿ ಕೂತಿದ್ದಾಗ ಅಧ್ಯಕ್ಷೆಯ ಕರೆ. "ಸಾರ್, ಪಂಪು ಯಾಕೋ ಸದ್ದು ಮಾಡ್ತಿದೆ. ಬೇಗ ಬನ್ನಿ."
ಮೇಡಂಗೂ ಕೇಳಿಸಿತು. "ನೋಡಿದ್ರಾ? ಇನ್ನೂ ನಿಮ್ಮನ್ನೇ ಕರೀತಾರೆ. ಸಂಘ ಸಿದ್ಧವಿಲ್ಲ ಅಂತ ಬರೀಬೇಕಾಗುತ್ತೆ."
ಓಡಿದೆ. ಪಂಪಿಗೆ ಏನೂ ಆಗಿರಲಿಲ್ಲ. ಪಕ್ಕದ ಕೋಣೆಯಲ್ಲಿ ತಟ್ಟೆಗಳು.
"ಊಟಕ್ಕೆ ಬನ್ನಿ ಅಂದ್ರೆ ನೀವು ಬರಲ್ಲ. ಕೆಟ್ಟಿದೆ ಅಂದ್ರೆ ಓಡಿ ಬರ್ತೀರಿ," ಎಂದರು ಅಧ್ಯಕ್ಷೆ. "ದಿನಾ ಒಬ್ರೇ ಕೂತು ಬ್ರೆಡ್ ತಿಂತೀರಂತೆ. ನಮ್ಮ ಟೈಲರಮ್ಮ ಕಿಟಕೀಲಿ ನೋಡಿದಾಳೆ."
"ಸಾರಿಗೆ ಉಪ್ಪು ಜಾಸ್ತಿಯಾಗಿದ್ರೆ ರಿಪೇರಿ ಮಾತ್ರ ನೀವೇ ಮಾಡ್ಬೇಕು," ಎಂದಳು ಟೈಲರಮ್ಮ.
"ಫೋನ್ ಮಾಡಿದಾಗ ಮೇಡಂ ಎದುರಿಗೇ ಇದ್ರು," ಎಂದೆ.
"ಹನ್ನೆರಡರ ಬಸ್ಸಿಗೆ ಹೋಗ್ಲಿಲ್ವಾ?" ಅಧ್ಯಕ್ಷೆಯ ಕೈಯ ಸೌಟು ಹಾಗೇ ನಿಂತಿತು.
ಉಂಡೆ. ಸಾರು ಚೆನ್ನಾಗಿತ್ತು.

ಮಾರ್ಚ್ 12
ಸುಮ್ಮನಿದ್ದರೆ ಸಾಕು. ಎರಡು ವರ್ಷ. ಬಹುಶಃ ಆಗಾಗ ಊಟಕ್ಕೂ ಕರೆಯಬಹುದು...

ಮಾರ್ಚ್ 14
ಮೇಡಂಗೆ ಫೋನ್ ಮಾಡಿದೆ. ಅವತ್ತು ಪಂಪು ಕೆಟ್ಟಿರಲಿಲ್ಲ ಎಂದೆ.
"ಮತ್ಯಾಕೆ ಕರೆದ್ರು?"
"ಊಟಕ್ಕೆ. ಇಲ್ಲಿ ನನಗೆ ಯಾರೂ ಇಲ್ಲ, ಮೇಡಂ. ಅದು ಅವ್ರಿಗೆ ಗೊತ್ತಾಗಿದೆ."
"ಇದನ್ನ ರಿಪೋರ್ಟಲ್ಲಿ ಹೇಗ್ರೀ ಬರೀಲಿ?"
"ಇದ್ದ ಹಾಗೇ ಬರೀರಿ."

ಮಾರ್ಚ್ 27
ನೆರವು ನೇರವಾಗಿ ಸಂಘಕ್ಕೆ. ಆದೇಶ ಅವರಿಗೇ ಮೊದಲು ಬಂತು. ನನಗೆ ಹೇಳಿದ್ದು ಅಧ್ಯಕ್ಷೆ. ಹೇಳುತ್ತಾ ಅತ್ತರು. ನಾನು ಅಭಿನಂದನೆ ಎಂದೆ, ಇನ್ನೇನೋ ಹೇಳಬೇಕಿತ್ತು.
ಸೋಮವಾರ ಹತ್ತು ಗಂಟೆಗೆ ಆಫೀಸಿನ ಬೀಗದ ಕೈ ಅವರಿಗೆ ಒಪ್ಪಿಸುವುದು.