ಹುಣಸೆಹಣ್ಣಿನಲ್ಲಿ ತಿಕ್ಕಿದ ಕ್ಯಾಮೆರಾ

ಕಂಪ್ಲಿಯಲ್ಲಿರುವ ನನ್ನವ್ವ ತಾಯಕ್ಕನಿಗೆ,

ಮೊದಲು ವಿಷಯ ಹೇಳಿಬಿಡುತ್ತೇನೆ, ಆಮೇಲೆ ಬೇಕಾದಷ್ಟು ಬೈದುಕೋ. ಅಪ್ಪನ ಕ್ಯಾಮೆರಾ ಮಾರಿದೆ. ಹೆಚ್ಚಿಗೆ ಕೊಡುತ್ತೇನೆಂದವನನ್ನು ಕಳಿಸಿ, ಕಡಿಮೆ ಕೊಟ್ಟವನಿಗೆ ಕೊಟ್ಟೆ. ಫೋನಿನಲ್ಲಿ ಹೇಳಿದರೆ ನೀನು ಅರ್ಧ ಕೇಳಿ ಇನ್ನರ್ಧ ನೀನೇ ಸೇರಿಸಿಕೊಳ್ಳುತ್ತೀ, ಅದಕ್ಕೇ ಈ ಕಾಗದ. ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಓದು.

ಅದನ್ನು ನನ್ನ ಕೈಗೆ ಕೊಡುವಾಗ ನೀನು ದುಡ್ಡಿನ ಮಾತೇ ಆಡಲಿಲ್ಲ. "ನಾ ಇದನ್ನ ಹಾಳ್ ಮಾಡೀನೋ, ಕಾಪಾಡೀನೋ, ತಿಳದವ್ರ ಬಾಯಾಗ ಕೇಳ್ಕೊಂಡ್ ಬಾ" ಅಂದೆ. ನಿನ್ನೊಳಗೆ ಇಷ್ಟು ವರ್ಷ ಅದು ಕೊರೆಯುತ್ತಿತ್ತೆಂದು ನನಗೆ ಗೊತ್ತೇ ಇರಲಿಲ್ಲ ಅವ್ವಾ. ಹಂಪಿಯಲ್ಲಿ ಅದನ್ನು ಮೂರು ಕಾಲಿನ ಮೇಲೆ ನಿಲ್ಲಿಸಿ, ತಲೆಗೆ ಕರಿಬಟ್ಟೆ ಹೊದ್ದು ಊರೂರಿನವರ ಫೋಟೋ ತೆಗೆಯುತ್ತಿದ್ದ ಅಪ್ಪ, ಮನೆಯಲ್ಲಿ ನಿನಗೆ ಅದನ್ನು ಮುಟ್ಟಗೊಡುತ್ತಿರಲಿಲ್ಲ. "ನಿನ್ನ ಕೈಗೆ ಸಿಕ್ರ ಮುಗೀತು ಅದರ ಕತಿ" ಅನ್ನುತ್ತಿದ್ದ. ಆಯುಧಪೂಜೆಯ ದಿನ ಮಾತ್ರ ಬಿಡುತ್ತಿದ್ದ. ಅವತ್ತು ನೀನು ಹುಣಸೆಹಣ್ಣು, ಬೂದಿ ಹಿಡಿದು ಕೂತರೆ ಅದರ ಹಿತ್ತಾಳೆಯೆಲ್ಲ ದೇವರ ದೀಪದಂತೆ ಹೊಳೆಯುವವರೆಗೂ ಏಳುತ್ತಿರಲಿಲ್ಲ. ಆಮೇಲೆ ವಿಭೂತಿ, ಕುಂಕುಮ, ಒಂದು ಚೆಂಡುಹೂವು. ಅಪ್ಪ ಹೋದ ಮೇಲೂ ಒಂದು ವರ್ಷವೂ ತಪ್ಪಿಸಲಿಲ್ಲ.

ಮೊದಲು ನೋಡಲು ಬಂದವನು ಹಳೇ ಸಾಮಾನು ಕೊಳ್ಳುವ ಸಿದ್ದಲಿಂಗೇಶ್. ನನ್ನ ಟೈಲರಿಂಗ್ ಅಂಗಡಿಯ ಮೇಜಿನ ಮೇಲೆ ಇಟ್ಟು ತಿರುವಿ ನೋಡಿದ. ತೇಗದ ಪೆಟ್ಟಿಗೆ, ಮಡಚುವ ತೊಗಲು, ಬ್ರಿಟಿಷರ ಕಾಲದ್ದೇ ಎಂದ. ಲೆನ್ಸಿನ ಸುತ್ತ ಇರುವ ಹಿತ್ತಾಳೆಯ ಬಳೆಯ ಮೇಲೆ ಕಂಪನಿ ಹೆಸರು, ನಂಬರು ಕೆತ್ತಿರುತ್ತಾರಂತೆ. ಅದರ ಮೇಲೇ ಬೆಲೆಯಂತೆ. ಭೂತಗನ್ನಡಿ ಹಿಡಿದರೂ ಅಲ್ಲಿ ಏನೂ ಕಾಣಲಿಲ್ಲ. "ಅಕ್ಷರಾನ ಇಲ್ಲಲ್ರೀ. ಯಾರ್ರೀ ಇದನ್ನ ಹಿಂಗ ತಿಕ್ಕಿದೋರು? ಆ ಹಳೇ ಕಪ್ಪು ಇದ್ರನ ಇದಕ್ಕ ರೇಟು" ಅಂದ. ನಮ್ಮವ್ವ ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಆದರೂ ಕೊಳ್ಳುತ್ತೇನೆ ಅಂದ. ಯಾವುದೋ ರೆಸಾರ್ಟಿನ ಬಾಗಿಲಲ್ಲಿ ನಿಲ್ಲಿಸಲಿಕ್ಕಂತೆ. ಆಸಿಡ್ ಸವರಿ ಹಿತ್ತಾಳೆಯನ್ನು ಮತ್ತೆ ಕಪ್ಪು ಮಾಡಿಸಿ, ಹಳೆಯದರಂತೆ ಕಾಣುವ ಹಾಗೆ ಮಾಡುತ್ತಾನಂತೆ. ನನಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದುಕೊಂಡು, ಕೊಡಂಗಿಲ್ಲ ಹೋಗ್ರಿ ಅಂದೆ. ಸಿಟ್ಟು ಇಳಿದ ಮೇಲೆ ನಿನ್ನ ಚಿಂತೆ ಹತ್ತಿತು. ಅಪ್ಪನ ಮಾತೇ ನಿಜವಾಯಿತು ಅಂತ ನಿನಗೆ ಹೇಗೆ ಹೇಳಲಿ?

ಹೋದ ಸೋಮವಾರ ಕಮಲಾಪುರದ ಪಂಪೇಶ್ ಬಂದ. ಹಂಪಿಯಲ್ಲಿ ಈಗಲೂ ಫಿಲ್ಮ್ ಹಾಕಿಯೇ ಫೋಟೋ ತೆಗೆಯುವ ಹುಚ್ಚ. ಅವನು ಅಕ್ಷರ ಹುಡುಕಲೇ ಇಲ್ಲ. ಪೆಟ್ಟಿಗೆಯೊಳಗೆ ಮೊಬೈಲ್ ಟಾರ್ಚ್ ಇಟ್ಟು, ಕರಿಬಟ್ಟೆ ಹೊದ್ದು, ತೊಗಲಿನ ಒಂದೊಂದೇ ಮಡಿಕೆ ನೋಡಿದ. ಎಲ್ಲಿಯೂ ಬೆಳಕು ಸೋರಲಿಲ್ಲ. ಲೆನ್ಸಿನ ಗಾಜನ್ನು ಬಾಗಿಲ ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದ. "ಅಕ್ಕಾ, ಹಳೇ ಲೆನ್ಸಿಗೆಲ್ಲ ಬೂಷ್ಟು ಹಿಡದಿರ್ತತಿ. ತೊಗಲನ್ನ ಇಲಿ ಕಡದಿರ್ತಾವ. ಇದನ್ನ ವರ್ಸಾ ವರ್ಸಾ ಬಿಚ್ಚಿ ಗಾಳಿಗೆ ಇಡತಿದ್ದೋರು ಯಾರು?" ಎಂದು ಕೇಳಿದ. ಹಿತ್ತಾಳೆ ತಿಕ್ಕುವ ಮೊದಲು ತೊಗಲು ಬಿಡಿಸಿ, ನೆರಳಲ್ಲಿಟ್ಟು, ಒಣಬಟ್ಟೆಯಿಂದ ಒರೆಸುತ್ತಿದ್ದವಳು ನೀನಲ್ಲದೆ ಇನ್ಯಾರು? ನಮ್ಮವ್ವ ಅಂದೆ. ಈ ಸಲ ಪಕ್ಕದ ಅಂಗಡಿಯವರಿಗೂ ಕೇಳಿಸಿರಬೇಕು.

ನೀನು ಕೇಳಿದ್ದಕ್ಕೆ ಉತ್ತರ ಇಷ್ಟೇ. ಅದರ ಹೆಸರು ಅಳಿದದ್ದು ನಿನ್ನ ಕೈಯಿಂದ, ಸುಳ್ಳು ಹೇಳುವುದಿಲ್ಲ. ಅದರ ಜೀವ ಉಳಿದದ್ದೂ ನಿನ್ನ ಕೈಯಿಂದಲೇ. ಅಪ್ಪ ಇದ್ದಿದ್ದರೆ ಈ ಮಾತನ್ನು ಅವನೆದುರಿಗೇ ಹೇಳುತ್ತಿದ್ದೆ.

ಸಿದ್ದಲಿಂಗೇಶ್ ಹೇಳಿದ್ದಕ್ಕಿಂತ ಕಡಿಮೆಯಾದರೂ ಪಂಪೇಶನಿಗೇ ಕೊಟ್ಟೆ. ಅವನು ತನ್ನ ಕ್ಯಾಮೆರಾಗಳ ಒಳಮುಚ್ಚಳದಲ್ಲಿ ಯಾವ ಕಂಪನಿಯದೆಂದು ಬರೆದಿಡುತ್ತಾನಂತೆ. ಪೆನ್ನು ತೆಗೆದು, "ಇದಕ್ಕ ಏನ್ ಬರೀಲಿ ಅಕ್ಕಾ?" ಅಂದ. ನಾನು ಯೋಚನೆಯನ್ನೇ ಮಾಡಲಿಲ್ಲ. "ತಾಯಕ್ಕ, ಕಂಪ್ಲಿ" ಅಂದೆ. ಹಾಗೇ ಬರೆದುಕೊಂಡ.

ವಿರೂಪಾಕ್ಷ ನಿನ್ನನ್ನು ತಂಪಾಗಿಟ್ಟಿರಲಿ.

ನಿನ್ನ ಬೈಗುಳಕ್ಕೆ ಕಾದಿರುವ ಮಗಳು,
ಸುಕನ್ಯಾ
ಹೊಸಪೇಟೆ