ನಿಮ್ಮಪ್ಪನ ಪಾಲಿನ ಪಟ್ಟೆ

ಹುಣಸೆಕಟ್ಟೆ ಪಾಳ್ಯ,
ಕೊರಟಗೆರೆ ತಾಲ್ಲೂಕು
೯ ಫೆಬ್ರವರಿ ೨೦೨೫

ಒಂದೇ ಬೆಂಚಿನಲ್ಲಿ ಕೂತಿದ್ದ ವನಜಾಳಿಗೆ,

ಓಬಳಿ ಬರೆಯುವುದು. ನೀನು ನನ್ನ ನಂಬರ್ ಬ್ಲಾಕ್ ಮಾಡಿರುವುದರಿಂದ ಕಾಗದವೇ ಗತಿ. ಸಿರಾದ ನಿನ್ನ ನರ್ಸಿಂಗ್ ಹಾಸ್ಟೆಲ್ಲಿನ ವಿಳಾಸವನ್ನು ನಿಮ್ಮಮ್ಮ ಕೊಟ್ಟರು. ಹತ್ತನೇ ಕ್ಲಾಸು ಅರ್ಧಕ್ಕೆ ಬಿಟ್ಟವಳ ಬರವಣಿಗೆ, ಮೊದಲಿನ ಹಾಗೇ ತಿದ್ದಿಕೊಂಡು ಓದು.

ನಿನ್ನ ಕೊನೆಯ ವಾಯ್ಸ್ ಮೆಸೇಜಿಗೆ ಉತ್ತರ ಮೊದಲು ಹೇಳಿಬಿಡುತ್ತೇನೆ. ಕಾಲುವೆ ಕೊನೆಯ ನಿಮ್ಮ ಗದ್ದೆಗೆ ನಾನು ನೀರು ಬಿಡಲಿಲ್ಲ. ಒಂದು ಸಲವೂ ಬಿಡಲಿಲ್ಲ. ನಿಮ್ಮಪ್ಪ ಅಲ್ಲಿ ನಾಟಿಗೆಂದು ಹಾಕಿದ್ದ ಭತ್ತದ ಸಸಿಯ ಒಟ್ಟಲು ಒಣಗಿ ಹುಲ್ಲಾಗಿದೆ. ತೂಬಿನ ಗೇಟು ತಿರುಗಿಸುವ ಹಿಡಿ ನನ್ನ ಹತ್ತಿರವೇ ಇತ್ತು. ಕೆರೆ ನೀರು ಬಿಡುವ ನೀರುಗಂಟಿ ನಮ್ಮ ತಾತನಿಗೆ ಮಂಡಿನೋವು, ಕೆರೆ ಏರಿ ಹತ್ತಲಾರ. ಪಾವಗಡದ ಕಡೆ ಸೋಲಾರ್ ಪ್ಲೇಟು ಒರೆಸುವ ಕೆಲಸ ಬೇಸರವಾಗಿ ನಾನು ವಾಪಸು ಬಂದಿದ್ದೆ. ಹಾಗಾಗಿ ಈ ಸಲದ ನೀರುಗಂಟಿ ನಾನೇ. ಅದು ನಿನಗೂ ಗೊತ್ತು. ಗೊತ್ತಿದ್ದರಿಂದಲೇ ನೀನು ನನ್ನನ್ನು ಕೇಳಿದೆ.

ಆದರೆ ಕೆರೆ ಏರಿಯ ಮೇಲೆ ಏನು ನಡೆಯಿತೆಂದು ಮನೆಯವರು ನಿನಗೆ ಪೂರ್ತಿ ಹೇಳಿಲ್ಲ ಅನಿಸುತ್ತದೆ.

ಕೆರೆ ಈ ವರ್ಷ ಅರ್ಧ ತುಂಬಿದೆ. ತೂಬಿನ ಕಲ್ಲುಕಂಬದ ಕೆಳಗಿನ ಗೆರೆಗಿಂತ ನೀರು ಇಳಿಯಬಾರದು. ಅಲ್ಲಿಂದ ಕೆಳಗಿನದು ದನಕರುಗಳಿಗೆ, ಊರಿನ ಬೋರುಗಳಿಗೆ. ಗೆರೆಯ ಮೇಲಿನ ನೀರನ್ನು ಹರಿಸಿದರೆ ಅದು ಕಾಲುವೆಯ ಅರ್ಧ ದಾರಿಯೂ ದಾಟುವುದಿಲ್ಲ. ಅದಕ್ಕೇ ಕೆರೆ ಸಂಘದ ಜಯಣ್ಣ ಎಲ್ಲರನ್ನೂ ಏರಿ ಮೇಲೆ ಕೂರಿಸಿ, ಈ ಸಲ ದಾಮಾಶ ಮಾಡೋಣ ಎಂದರು. ನಮ್ಮ ಕಾಲದಲ್ಲಿ ಇದು ನಡೆದಿರಲಿಲ್ಲ, ಹಿರಿಯರಿಗಷ್ಟೇ ನೆನಪು. ತೂಬಿನ ಪಕ್ಕದ ಗದ್ದೆಗಳಲ್ಲಿ ಮಾತ್ರ ಬೆಳೆ. ಅವು ಯಾರವೇ ಆಗಿರಲಿ, ಪಟ್ಟೆ ಪಟ್ಟೆಯಾಗಿ ಕೆರೆಯ ಕೆಳಗಿನ ಎಲ್ಲ ರೈತರಿಗೂ ಹಂಚಬೇಕು. ಒಂದು ಬೆಳೆ ತೆಗೆದುಕೊಂಡು ಬಿಟ್ಟುಕೊಡಬೇಕು. ಭತ್ತ ಬೇಡ, ರಾಗಿ ನಾಟಿ ಎಂದಾಯಿತು. ಎಲ್ಲರೂ ಒಪ್ಪಿದರು, ನಿಮ್ಮಪ್ಪ ಕೂಡ. ಆಮೇಲೆ ಚೀಟಿ ಎತ್ತಿಸಿದರು.

ತೂಬಿನ ಬಾಯಲ್ಲೇ ಇರುವುದು ನೀರುಗಂಟಿ ಕೆಲಸಕ್ಕೆಂದು ನಮಗೆ ಇನಾಮಾಗಿ ಬಂದ ಗದ್ದೆ. ನಿಮ್ಮಪ್ಪನ ಚೀಟಿ ಅಲ್ಲಿಗೇ ಬಂತು.

ಅವರು ಚೀಟಿ ನೋಡಿದರು. "ಇದು ಸಣ್ಣರಂಗನ ಗದ್ದೆ ಅಲ್ವಾ?" ಎಂದರು. ಹೌದು ಎಂದರು ಜಯಣ್ಣ. ಅದೇ ಹೊತ್ತಿಗೆ ಅವರ ಒಪ್ಪಿಗೆ ಹೋಯಿತು.

"ಆ ಕೇರಿಯೋರ ಗದ್ದೆಗೆ ನಾನು ಇಳೀಬೇಕಾ? ನಂಗೆ ಈ ಪಟ್ಟೆ ಬ್ಯಾಡ. ನನ್ನ ಗದ್ದೆಗೇ ನೀರು ಬುಡ್ಲಿ. ಲೇ ಸಣ್ಣರಂಗ, ನೀರು ಕೆಳಕ್ಕೆ ಹರೀತದೆ ಕಣ್ಲಾ, ಮ್ಯಾಲಕ್ಕಲ್ಲ."

ಹೆಸರು ಹಿಡಿದು ಹಾಗೆ ಕರೆಸಿಕೊಂಡ ತಾತ ತಲೆ ತಗ್ಗಿಸಿ ಕೂತಿದ್ದ. ಅವನ ವಯಸ್ಸು ನಿಮ್ಮಪ್ಪನ ಅಪ್ಪನದು. ನಾನು ಸುಮ್ಮನಿರಲಿಲ್ಲ.

"ಕೆಳಕ್ಕೇ ಹರೀತದೆ ರಾಜಣ್ಣ. ನಿಮ್ಮ ಗದ್ದೆ ಮುಟ್ಟೋ ಹೊತ್ಗೆ ಕಾಲುವೇನೇ ಕುಡ್ಕೊಂಡ್ಬುಡ್ತದೆ. ಅಷ್ಟು ನೀರು ಬುಟ್ರೆ ಬೇಸಿಗೇಲಿ ನಿಮ್ಮ ಎಮ್ಮೆ ಏನು ಕುಡೀತದೆ?"

"ಇಸ್ಕೂಲು ಬುಟ್ಟೋಳು ನಂಗೆ ಪಾಠ ಮಾಡ್ತಾಳೆ," ಎಂದರು ಅವರು.

"ಇಸ್ಕೂಲಲ್ಲಿ ಇದ್ನ ಎಲ್ಲಿ ಹೇಳ್ಕೊಟ್ರು ಬುಡಪ್ಪ," ಎಂದು ಜಯಣ್ಣ ನಕ್ಕರು. ಉಳಿದವರೂ ನಕ್ಕರು. ಆ ನಗು ನಿಮ್ಮಪ್ಪನನ್ನು ಇನ್ನಷ್ಟು ಕೆರಳಿಸಿತು. ನೆಟ್ಟಗೆ ಹೋಗಿ ಕೊನೆಗದ್ದೆಯಲ್ಲಿ ಬೋರಿನ ಕೊನೆಯ ನೀರು ಕಟ್ಟಿ ಒಟ್ಟಲು ಹಾಕಿದರು. ಹಸಿರು ಕಂಡ ಮೇಲೆ ಯಾರೂ ಒಣಗಲು ಬಿಡುವುದಿಲ್ಲ ಎಂದು ಲೆಕ್ಕ ಹಾಕಿದ್ದರು. ಬೋರು ನಿಂತುಹೋಯಿತು. ಆಗ ನೀರು ಬಿಡು ಎಂಬ ನಿನ್ನ ಮೊದಲ ಮೆಸೇಜು ಬಂತು.

ತಾತನಿಗೆ ಅದನ್ನು ಕೇಳಿಸಿದೆ. "ಬುಟ್ಬುಡು ಮಗ, ಅವರ ನಿಷ್ಠುರ ನಮಗ್ಯಾಕೆ," ಎಂದ. ಅವನಿಗೆ ನ್ಯಾಯ ಗೊತ್ತಿಲ್ಲದೆ ಅಲ್ಲ. ಅವನು ಹಾಗೇ ಬದುಕಿದವನು. ನಾನು ಹಿಡಿಯನ್ನು ಮಂಚದ ಕೆಳಗೆ ತಳ್ಳಿ ಮಲಗಿದೆ. ನಿನಗಾಗಿ ಬಿಡಬೇಕು ಅನಿಸಲಿಲ್ಲವೇ ಎಂದರೆ, ಅನಿಸಿತು. ಬಿಟ್ಟಿದ್ದರೆ ನಾಳೆ ಎಲ್ಲರೂ ತಮ್ಮ ತಮ್ಮ ಗದ್ದೆಗೇ ಕೇಳುತ್ತಿದ್ದರು. ನಿಮ್ಮಪ್ಪನ ಒಟ್ಟಲೂ ಉಳಿಯುತ್ತಿರಲಿಲ್ಲ, ಕೆರೆಯೂ ಉಳಿಯುತ್ತಿರಲಿಲ್ಲ.

ಮನೆಗೆ ಈ ವರ್ಷ ಕಾಳು ಇಲ್ಲದಂತೆ ಓಬಳಿ ಮಾಡಿದಳು ಎಂದು ನೀನು ಕೊನೆಯ ಮೆಸೇಜಿನಲ್ಲಿ ಹೇಳಿದೆ. ಅದು ಸುಳ್ಳು. ನಿಮ್ಮ ಪಟ್ಟೆಯಲ್ಲಿ ರಾಗಿ ಪೈರು ನಿಂತಿದೆ. ನಾಟಿ ಹಾಕಿದ್ದು ನಿಮ್ಮಮ್ಮ.

ಸಿದ್ದರಬೆಟ್ಟಕ್ಕೆ ಹರಕೆ ಇದೆ ಎಂದು ಮನೆಯಲ್ಲಿ ಹೇಳಿ ಬರುತ್ತಾರೆ. ಊರಾಚೆ ಬಸ್ ಇಳಿದು, ಏರಿಯ ಹಿಂದಿನಿಂದ ನಡೆದು ನಮ್ಮ ಗದ್ದೆಗೆ ಇಳಿಯುತ್ತಾರೆ. ಮೊದಲ ದಿನ ಒಬ್ಬರೇ ಹಾಕುತ್ತಿದ್ದರು, ನಾನೂ ಅವ್ವನೂ ಸೇರಿಕೊಂಡೆವು. "ದೇವ್ರ ಹೆಸರಲ್ಲಿ ಸುಳ್ಳು ಹೇಳ್ದೆ ಕಣೇ ಓಬಳಿ. ಹೊಟ್ಟೆ ಕೇಳ್ಬೇಕಲ್ಲ. ಅವರಿಗೆ ಮಾತ್ರ ಹೇಳ್ಬ್ಯಾಡ," ಎಂದರು ನಿಮ್ಮಮ್ಮ. ಕೇಳದಿದ್ದರೆ ಹೇಳುವುದಿಲ್ಲ, ಕೇಳಿದರೆ ಹೇಳದೆ ಇರಲಾರೆ ಎಂದೆ. "ನಿನ್ನ ಬುದ್ಧಿ ಸುಡ, ಒಂದು ಸುಳ್ಳು ಹೇಳಾಕೆ ನಿಂಗೇನು ಖರ್ಚು?" ಎಂದು ಬೈದು, ಮತ್ತೆ ಬಗ್ಗಿ ಪೈರು ಊರತೊಡಗಿದರು.

ಇಷ್ಟೇ ವಿಷಯ. ಕ್ಷಮಿಸು ಎಂದು ಬರೆಯುವುದಿಲ್ಲ, ನಾನು ತಪ್ಪು ಮಾಡಿಲ್ಲ. ಆದರೆ ನಿನ್ನ ಜೊತೆ ಮಾತಿಲ್ಲದೆ ದಿನ ಕಳೆಯುವುದು ನನಗೆ ಕಷ್ಟವಾಗಿದೆ. ಅದನ್ನೂ ಬರೆಯದಿದ್ದರೆ ಸುಳ್ಳಾಗುತ್ತದೆ.

ನಿನ್ನ,
ಓಬಳಿ

ಮರೆತದ್ದಲ್ಲ, ಆಮೇಲೆ ನಡೆದದ್ದು: ಕಾಗದವನ್ನು ಪೋಸ್ಟಿಗೆ ಹಾಕಲು ಹೊರಟಾಗ ನಿಮ್ಮಪ್ಪ ತೂಬಿನ ಹತ್ತಿರ ನಿಂತಿದ್ದರು. "ನನ್ನ ಪಟ್ಟೇಲಿ ಪೈರು ಯಾರಮ್ಮಿ ಹಾಕಿದ್ದು?" ಎಂದರು. ನಿಮ್ಮಮ್ಮ ಎಂದೆ. ಪೈರಿನ ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದರು. ನಿಮ್ಮಮ್ಮನಿಗೆ ಮನೆಯಲ್ಲಿ ಏನು ಕಾದಿದೆಯೋ ಎಂದು ನನಗೆ ಭಯವಾಯಿತು. ಕೊನೆಗೆ, "ಅದ್ಕೇ ಸೊಂಟ ಹಿಡ್ಕೊಂಡು ಮಲಗವಳೆ," ಎಂದರು. ಈ ಪಟ್ಟೆಗೆ ನೀರಿನ ಸರದಿ ಯಾವತ್ತು ಎಂದು ಕೇಳಿದರು. ನಾಳೆ ಎಂದೆ. ಏರಿ ಇಳಿಯುತ್ತಾ, ನನ್ನ ಮುಖ ನೋಡದೆ, "ಗುದ್ದಲಿ ನಿಮ್ಮನೇದು ಐತಾ, ನಾನೇ ತರ್ಬೇಕಾ?" ಎಂದರು. ಇದೆ, ಆದರೆ ಹಿಡಿ ಸಡಿಲ ಎಂದೆ.